ಕುದಿಯುವ ಬ್ಯಾಟರಿ

"ಯಾರೋ ಬೇಕಂತಲೇ ತಿರುಗಿಸಿದಾರೆ ಕಣೋ," ಎಂದ ಮೆಕ್ಯಾನಿಕ್ ಐಲಿಫ್, ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ಎರಡನೆಯ ಬ್ಯಾಟರಿಯೂ ಕುದಿದು ಹಾಳಾಗಿತ್ತು. ಶೆಡ್ಡಿನ ತುಂಬ ಕೊಳೆತ ಮೊಟ್ಟೆಯ ವಾಸನೆ. ಹದಿನಾಲ್ಕು ವೋಲ್ಟಿನ ಆಸುಪಾಸಿನಲ್ಲಿ ನಿಲ್ಲಬೇಕಾದ ಮೀಟರಿನ ಮುಳ್ಳು ಹದಿನೇಳರ ಹತ್ತಿರ ಕುಣಿಯುತ್ತಿತ್ತು. ಹಳೆಯ ಕಾರು. ಬ್ಯಾಟರಿಗೆ ಎಷ್ಟು ಕರೆಂಟು ಹೋಗಬೇಕೆಂದು ನಿಗಾ ಇಡುವ ರೆಗ್ಯುಲೇಟರು ಒಂದು ಪುಟ್ಟ ತಗಡಿನ ಡಬ್ಬಿ, ಅದರೊಳಗೊಂದು ಸ್ಕ್ರೂ; ತಿರುಗಿಸಿದರೆ ಕರೆಂಟು ಏರುತ್ತದೆ. ಹೋದ ಸಲ ಐಲಿಫ್ ಅದನ್ನು ಸರಿಮಾಡಿ, ಯಾರಾದರೂ ಬಿಚ್ಚಿದರೆ ತಿಳಿಯಲೆಂದು ಮುಚ್ಚಳದ ಅಂಚಿಗೆ ಕೆಂಪು ಬಣ್ಣ ಬಳಿದಿದ್ದ. ಆ ಬಣ್ಣ ಈಗ ಬಿರುಕು ಬಿಟ್ಟಿತ್ತು.

ಕಾರಿನ ಯಜಮಾನ ತೋರ್ಗೈರನಿಗೆ ಮೈ ಉರಿಯಿತು. "ನಿನ್ನ ಬಿಟ್ಟು ಇದನ್ನ ಮುಟ್ಟೋರು ಯಾರಿದಾರೆ? ಬ್ಯಾಟರಿ ಮಾರೋನೂ ನೀನೇ."

"ನಾನು ಮುಟ್ಟಿದ್ರೆ ಬಣ್ಣ ಮತ್ತೆ ಬಳೀತಿದ್ದೆ. ಮೊದಲು ನಿನ್ನ ಮನೆ ಕಡೆ ನೋಡ್ಕೋ."

ಕಾರು ಓಡಿಸುತ್ತಿದ್ದವಳು ತೋರ್ಗೈರನ ಹೆಂಡತಿ ಸಿಗ್ನೆ. ನಾರ್ವೆಯ ಉತ್ತರದ ಒಂದು ದ್ವೀಪದಲ್ಲಿ ಮನೆಮನೆಗೆ ಹೋಗಿ ಮುದುಕರಿಗೆ ಔಷಧಿ ಕೊಟ್ಟು ಬರುವ ನರ್ಸ್. ಕಾರು ನಿಂತರೆ ಕೆಲಸವೂ ನಿಂತಂತೆ, ಆ ಕೆಲಸವೋ ಅವಳ ಪ್ರಾಣ. ತನ್ನ ಕಾಲ ಮೇಲೆ ತಾನೇ ಯಾಕೆ ಕಲ್ಲು ಹಾಕಿಕೊಳ್ಳುತ್ತಾಳೆ? ಆದರೆ ಐಲಿಫ್ ಒಂದು ಕಾಲಕ್ಕೆ ಅವಳನ್ನು ಮದುವೆಯಾಗಲು ಹಂಬಲಿಸಿದ್ದವನು. ಕಾರು ಕೆಟ್ಟಾಗಲೆಲ್ಲ ಅವಳು ಈ ಶೆಡ್ಡಿಗೆ ಬಂದು ಕಾಫಿ ಕುಡಿಯುತ್ತ ಕೂರುತ್ತಾಳೆ. ಅನುಮಾನ ಹತ್ತಿದ ಗಂಡನಿಗೆ ಇಷ್ಟು ಸಾಕಲ್ಲ!

ಅಂದಿನಿಂದ ಅವನ ಕಣ್ಣೆಲ್ಲ ಹೆಂಡತಿಯ ಮೇಲೆ. ಬೇಕಾದ್ದಕ್ಕಿಂತ ಬೇಗ ಹೊರಟು, ತೀರಾ ತಡವಾಗಿ ಬರುತ್ತಿದ್ದಳು. ಬಂದವಳೇ ಮನೆಯ ದೀಪಗಳನ್ನೆಲ್ಲ ಉರಿಸಿ ಕೂರುತ್ತಿದ್ದಳು. ಆ ಉತ್ತರದ ದ್ವೀಪದಲ್ಲಿ ಡಿಸೆಂಬರೆಂದರೆ ಹಗಲಿಗೂ ಕತ್ತಲೆ. ಅಂಗಳದಲ್ಲಿ ಅವನು ಎದುರಾದರೂ ಗುರುತಿಲ್ಲದವಳಂತೆ ಮುಂದೆ ಹೋಗಿಬಿಡುತ್ತಿದ್ದಳು. ಅದರಿಂದಂತೂ ಅವನಿಗೆ ತುಂಬ ನೋವಾಯಿತು.

ಒಂದು ಬೆಳಗ್ಗೆ ಮನೆಯ ಗ್ಯಾರೇಜಿನ ಬಾಗಿಲು ತಳ್ಳಿದ. ಬಾನೆಟ್ ತೆರೆದಿತ್ತು. ಸಿಗ್ನೆಯ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್.

ಅವಳನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ನೇರವಾಗಿ ಐಲಿಫನ ಶೆಡ್ಡಿಗೆ ಕರೆತಂದ. "ಇವನೆದುರೇ ಹೇಳು. ಇವನನ್ನ ನೋಡೋಕೆ ತಾನೇ ಈ ನೆಪ?"

ಸಿಗ್ನೆ ನಕ್ಕುಬಿಟ್ಟಳು. "ಈ ಗ್ರೀಸ್ ಮೂತೀನಾ? ಹೆಡ್‌ಲೈಟ್ ಮಂಕು ಕಣೋ, ರಸ್ತೇನೇ ಕಾಣಲ್ಲ. ಅಪ್ಪ ದೋಣೀಲಿ ಹೀಗೇ ಸ್ಕ್ರೂ ತಿರುಗಿಸಿ ಬೆಳಕು ಜಾಸ್ತಿ ಮಾಡ್ತಿದ್ದ. ನಿಂಗೆ ಹೇಳಿದ್ರೆ ಕಾರು ಗುಜರಿಗೆ ಹಾಕ್ತೀಯ. ಆಮೇಲೆ ನನ್ನ ಕೆಲಸ?"

ತೋರ್ಗೈರನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹೋದ ಜೀವ ಬಂದಂತಾಯಿತು.

ಐಲಿಫ್ ಶೆಡ್ಡಿನ ದೀಪ ಆರಿಸಿದ. ಇಂಜಿನ್ ಶುರು ಮಾಡಿ ಹೆಡ್‌ಲೈಟ್ ಹಾಕಿದ. ಎದುರಿನ ಬಿಳಿ ಗೋಡೆ ಧಗ್ಗೆಂದು ಬೆಳಗಿತು. ಗಂಡಸರಿಬ್ಬರೂ ಕಣ್ಣಿಗೆ ಕೈ ಅಡ್ಡ ಹಿಡಿದರು.

"ನೋಡಿದ್ರಾ?" ಗಂಡನ ತೋಳಿಗಾಗಿ ತಡಕಾಡುತ್ತ, ಗೆದ್ದವಳಂತೆ ಕೇಳಿದಳು ಸಿಗ್ನೆ. "ಎಷ್ಟು ಮಂಕು!"