ಘಾಟಿಲ್ಲದ ಗಿರಣಿ

ಕೈ ನೋಡಿದರೆ ಗೊತ್ತಾಗಿಬಿಡುತ್ತದೆ ಎಂಬುದೇ ಸುಮೇಧಾಳ ಚಿಂತೆ. ಪುಸ್ತಕ, ಪೆನ್ನು ಹಿಡಿದು ಪದವಿ ಮುಗಿಸಿದ ಕೈ ಅದು. ಸಾಲಿನಲ್ಲಿ ಕುಳಿತ ಹೆಂಗಸರೆಲ್ಲ ಪಟಪಟನೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರೆ, ಅವಳ ಬೆರಳ ತುದಿ ಆಗಲೇ ಉರಿಯತೊಡಗಿತ್ತು.

ಬೆಳಿಗ್ಗೆ ಹಂಸಭಾವಿಯಲ್ಲಿ ಬಸ್ಸು ಇಳಿದದ್ದೇ ತಡ, ವೀರವ್ವ ಅವಳ ರಟ್ಟೆ ಹಿಡಿದಿದ್ದಳು. ಖಾರದ ಗಿರಣಿಗೆ ಹೆಂಗಸರನ್ನು ಕೂಡಿಸಿ ತರುವುದು ವೀರವ್ವನ ಕೆಲಸ.

"ಶಿಗ್ಗಾವಿಯಾಕಿ ನೀನ ಹೌದಿಲ್ಲೋ? ಎಲ್ಲಾರೂ ಬಂದು ಕುಂತಾರ. ನಿನ್ನ ಮೆರವಣಿಗಿ ಮಾಡಿ ಕರಕೊಂಡು ಹೋಗಬೇಕೇನ?"

ಸುಮೇಧಾ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೊಸಬರೆದುರು ಅವಳ ನಾಲಿಗೆ ಏಳುವುದೇ ಕಷ್ಟ. ಮೂಗು, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು, ಎಲ್ಲರಂತೆ ಮೊಬೈಲನ್ನು ಬುಟ್ಟಿಗೆ ಹಾಕಿ, ಸಾಲಿನಲ್ಲಿ ಕುಳಿತಳು. ಬೆನ್ನ ಹಿಂದೆ ಶಟರ್ ಎಳೆದ ಸದ್ದಾಯಿತು.

ಮಾಲೀಕ ಗುತ್ತೆಪ್ಪ ನಡುವೆ ನಿಂತು ಪಾಠ ಶುರು ಮಾಡಿದ.

"ಹಳ್ಳ್ಯಾಗ ಉದ್ಯೋಗ ಮಾಡಿ, ಊರ ಹೆಣ್ಮಕ್ಕಳಿಗೆ ಕೆಲಸ ಕೊಟ್ರ ತೆರಿಗಿ ಮಾಫ್ ಅಂತ ಸರ್ಕಾರ ಕಾಯ್ದೆ ಮಾಡೇತಿ. ಇವತ್ತ ತಪಾಸಣಿಗೆ ಜೀಪಿನ್ಯಾಗ ಸಾಹೇಬ ಬರ್ತಾನ, ಕೇಳ್ತಾನ. ನೀವೆಲ್ಲಾರೂ ಇದ ಊರವರು. ಮೊದಲಿಂದ ಇಲ್ಲೇ ಕೆಲಸ. ತಿಳೀತಿಲ್ಲೋ?"

"ತಿಳೀತ್ರಿ."

"ಹಿಂದ ಬಂದ ಸಾಹೇಬ ಬಾಳ ಶಾಣ್ಯಾ ಇದ್ದ. ಪ್ರಶ್ನಿ ಮ್ಯಾಲ ಪ್ರಶ್ನಿ. ವಾಪಸ್ ಹೋಗೂವಾಗ ಹಿರೇಕೆರೂರ ದಾರ್ಯಾಗ ಲಾರಿ ಬಡೀತು. ಕಾಲು ಮುರಕೊಂಡು ಮನ್ಯಾಗ ಬಿದ್ದಾನ, ಪಾಪ." ಗುತ್ತೆಪ್ಪ ಬಾಯ್ತುಂಬ ನಕ್ಕ. "ಲಾರಿ ನಂದಲ್ಲ ಬಿಡ್ರಿ."

ಬೇರೆ ಯಾರೂ ನಗಲಿಲ್ಲ.

ಸುಮೇಧಾ ಗೋಡೆ ನೋಡಿದಳು. ಸುಣ್ಣ ಬೆಳ್ಳಗೆ ಹೊಳೆಯುತ್ತಿತ್ತು. ಖಾರ ಬೀಸುವ ಯಂತ್ರದ ಮೇಲೆ ಕೆಂಪು ಹುಡಿಯ ಒಂದು ಕಣವಿಲ್ಲ, ಜೇಡರ ಬಲೆಯಿತ್ತು. ಖಾರದ ಗಿರಣಿಯಲ್ಲಿ ಒಬ್ಬರೂ ಸೀನುತ್ತಿರಲಿಲ್ಲ.

"ಇದು ಎಂದೂ ತಿರುಗೇ ಇಲ್ಲೇನ್ರಿ?" ಪಕ್ಕದವಳನ್ನು ಪಿಸುಗುಟ್ಟಿ ಕೇಳಿದಳು.

ಆಕೆ ನುಜಹತ, ಸವಣೂರಿನಿಂದ ಟೆಂಪೋದಲ್ಲಿ ಬಂದವಳು. "ಖಾರ ಬೀಸೂದು ಹುಬ್ಬಳ್ಳ್ಯಾಗ. ಇಲ್ಲಿ ಬರೇ ನಾಟಕ. ಕಾಯಂ ಕೆಲಸ ಕೊಡ್ತೇನಿ ಅಂತ ಕರಸ್ತಾನ, ಸಾಹೇಬ ಹೋದ ಕೂಡ್ಲೇ ಟೆಂಪೋ ಹತ್ತಸ್ತಾನ. ನಾನೂ ಪ್ರತಿ ಸಲ ನಂಬಿ ಬರ್ತೇನಿ ನೋಡ, ಹುಚ್ಚಿ. ನೀ ಸುಮ್ನ ಕುಂದ್ರ, ತಂಗಿ. ಬಾಯಿ ಬಿಟ್ಟವರನ್ನ ಇವ ಉಳಸಂಗಿಲ್ಲ."

ಬಿಸಿಲೇರಿತು. ಎಲ್ಲರ ಕಣ್ಣೂ ಕಿಟಕಿಯಾಚೆಯ ರಸ್ತೆಯ ಮೇಲೆ. ಅತ್ತ ನೋಡದವಳು ಸುಮೇಧಾ ಒಬ್ಬಳೇ. ಅವಳು ನುಜಹತಳ ಕೈಗಳನ್ನು ನೋಡುತ್ತಿದ್ದಳು. ನಾಟಕವೆಂದು ಗೊತ್ತಿದ್ದೂ ಆ ಕೈಗಳು ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತಿದ್ದವು.

ಜೀಪು ಬರಲಿಲ್ಲ. ಗುತ್ತೆಪ್ಪನಿಗೆ ತಡೆಯಲಾಗಲಿಲ್ಲ. ಅಷ್ಟರೊಳಗೆ ಒಂದು ತಾಲೀಮು ಆಗಿಯೇಬಿಡಲಿ ಎಂದು ಕುರ್ಚಿ ಎಳೆದುಕೊಂಡು, ಹೊಸ ಮುಖವಾದ ಸುಮೇಧಾಳ ಮುಂದೆಯೇ ಕುಳಿತ.

"ನಾನ ಸಾಹೇಬ ಅಂತ ತಿಳಕೋವಾ." ಗತ್ತಿನಿಂದ ಕಾಲ ಮೇಲೆ ಕಾಲು ಹಾಕಿದ. "ಹೇಳ, ನೀ ಯಾವಾಗಿಂದ ಕೆಲಸಕ್ಕ ಬರಾಕತ್ತಿ?"

ನುಜಹತ ಮೊಣಕೈಯಿಂದ ತಿವಿದಳು. ಸುಮೇಧಾ ಬಾಯಿಯ ಬಟ್ಟೆ ಬಿಚ್ಚಿದಳು. ಈ ಸಲ ನಾಲಿಗೆ ಎದ್ದಿತು.

"ಇವತ್ತಿಂದರಿ. ಆ ಕಾಲು ಮುರಿದ ಸಾಹೇಬ್ರ ಜಾಗಾಕ್ಕ ನನ್ನ ಹಾಕ್ಯಾರ."