ಮನೆ ಮಾತಾಡಿದ ಕಾರು

ತಮಿಳು ಸೀಮೆಯ ಅನ್ನೂರಿನ ತಂಗವೇಲು ಕುಟುಂಬದ ಮುಂದೆ ಅಂದು ಗಂಭೀರ ಪ್ರಶ್ನೆಯೊಂದಿತ್ತು: ಹಳೇ ಕಾರಿನ ಟೇಪ್ ರೆಕಾರ್ಡರ್ ಇರಬೇಕೋ, ಕೀಳಬೇಕೋ. "ಅದು ತಾತನ ನೆನಪು ಅಪ್ಪಾ, ಹಾಡಿದ್ರೆ ಬಿಟ್ಟುಬಿಡು," ಎಂದ ಮಗಳು ಧರಣಿ, ವೈರಿನ ಬಾಲವಿದ್ದ ಕ್ಯಾಸೆಟ್ಟನ್ನು ಅದರ ಬಾಯಿಗೆ ತುರುಕಿ, ಬಾಲದ ತುದಿಯನ್ನು ತಾನು ಹಾಡು ಹಿಡಿದಿಟ್ಟಿದ್ದ ಪುಟ್ಟ ಪ್ಲೇಯರಿಗೆ ಚುಚ್ಚಿದಳು.

ಇಷ್ಟು ವರ್ಷ ತಮಿಳು ಬಿಟ್ಟು ಬೇರೇನೂ ಉಸುರದಿದ್ದ ಸ್ಪೀಕರಿನಿಂದ, ಅಜ್ಜಿ ಮಾರಾತಾಳ್ ಹಾಡಿದ್ದ ಕಳೆ ಕೀಳುವ ಪದ, ಮನೆಯೊಳಗಷ್ಟೇ ಆಡುವ ಕನ್ನಡದಲ್ಲಿ ಹೊರಟಿತು.

ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಮುಂದಕ್ಕೆ ಬಾಗಿದಳು. "ಅಡಿಯೇ ಧರಣೀ, ಇದಕ್ಕೆ ನಮ್ಮನೆ ಮಾತು ಬರುತ್ತಾ?" ಮೆಲ್ಲಗೆ ಚಪ್ಪಲಿ ಕಳಚಿ ಕಾರಿನ ಬಾಗಿಲಾಚೆ ಇಟ್ಟಳು.

"ಅವ್ವಾ, ಇದು ಕಾರು!" ಎಂದ ತಂಗವೇಲು.

"ಮನೆ ಮಾತು ಆಡ್ತಿದೆಯಲ್ಲೋ. ನೀನೂ ಚಪ್ಪಲಿ ಬಿಡು."

ಟೇಪ್ ಉಳಿಯಿತು. ತಂಗವೇಲು ಈಗ ಬರಿಗಾಲಲ್ಲಿ ಕಾರು ಓಡಿಸುತ್ತಾನೆ.