ಆ ಹೊಕ್ಕುಳ ಬಳ್ಳಿ ಯಾರ ಮನೆಯದು?

ಓದುವಾಗ ಸಿಟ್ಟು ಬಂದರೆ ಬರಲಿ... ಕೇಳಿದಾಗ ನನಗೂ ಬಂದಿತ್ತು.

ಇಳಕಲ್ ಕಡೆಯ ಒಬ್ಬ ದೊಡ್ಡ ಗ್ರಾನೈಟ್ ಉದ್ಯಮಿ. ಬಾಯಿ ತೆರೆದರೆ ಮಡಿ, ಮೈಲಿಗೆ, ಮನೆತನ...
ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ ಅಂತಾರಲ್ಲ, ಅದೇ ಗಿರಾಕಿ!

ಆದರೆ ಮಗಳು ಪ್ರಣತಿ ಬಂಗಾರದಂಥ ಹುಡುಗಿ. ಒಂಬತ್ತನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್.

ಇಪ್ಪತ್ನಾಲ್ಕು ತುಂಬುವ ಹೊತ್ತಿಗೆ ಸೂಚನೆಯೇ ಇಲ್ಲದೆ ಶುಗರ್ ಇಳಿದು ಎಲ್ಲೆಂದರಲ್ಲಿ ಕುಸಿದು ಬೀಳುತ್ತಿದ್ದಳು. ಒಂದು ದಿನ ಬಿದ್ದವಳು ಏಳದೇ ಹೋದರೆ?

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯ ಪ್ರಯೋಗ ನಡೆದಿತ್ತು. ತೀರಿಹೋದ ದಾನಿಯ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತಯಾರಿಸುವ ಕೋಶಗಳನ್ನು ತೆಗೆದು ರೋಗಿಗೆ ಕಸಿ ಮಾಡುವುದು. ಪ್ರಣತಿಯ ಹೆಸರೂ ಪಟ್ಟಿಯಲ್ಲಿತ್ತು.

ಒಂದು ದಿನ ಈ ಮನುಷ್ಯ ಪೂಜೆಯ ಪ್ರಸಾದ ಹಿಡಿದು ಡಾಕ್ಟರನ್ನು ಕಾಣಲು ಲಿಫ್ಟ್ ಹತ್ತಿದ. ಹಿಂದೆಯೇ ಹೆರಿಗೆ ವಾರ್ಡಿನ ಆಯಾ ಫಕೀರವ್ವ ಐಸ್ ಬಾಕ್ಸ್ ಹಿಡಿದು ಬಂದಳು.

"ಏನದು?"

"ಈಗ ಹುಟ್ಟಿದ ಕೂಸಿನ ಹೊಕ್ಕಳ ಬಳ್ಳಿರಿ. ಲಗೂನ ಮ್ಯಾಲಿನ ಲ್ಯಾಬಿಗೆ ಮುಟ್ಟಿಸಬೇಕ್ರಿ."

"ಥೂ! ಪುರುಡಿನ ಹೊಲಸು! ನನ್ನ ಕೈಯಾಗ ಪ್ರಸಾದ ಐತಿ, ಕಣ್ಣು ಕಾಣೂದಿಲ್ಲೇನು? ಇಳಿ ಕೆಳಗ. ಪಾವಟಿಗಿ ಹತ್ತಿ ಹೋಗು!"

ಮೊಣಕಾಲು ನೋವಿನ ಆ ಮುದುಕಿ ಐಸ್ ಬಾಕ್ಸ್ ಹೊತ್ತು ಐದು ಮಹಡಿ ಹತ್ತಿದಳು... ಮಡಿವಂತ ಮಹಾಶಯರು ಆರಾಮಾಗಿ ಲಿಫ್ಟಿನಲ್ಲಿ ಹೋದರು. ಎಂಥಾ ಭಕ್ತಿ ನೋಡಿ!

ಎರಡು ತಿಂಗಳ ನಂತರ ದಾನಿ ಸಿಕ್ಕಿ ಕಸಿ ಆಯಿತು. ವಾರಗಳು ಕಳೆದರೂ ಪ್ರಣತಿ ಕುಸಿದು ಬೀಳಲಿಲ್ಲ. ಅಪ್ಪ ಡಾಕ್ಟರಿಗೆ ಕೈಮುಗಿದ.

"ನನಗಲ್ರಿ, ಫಕೀರವ್ವಗ ಮುಗೀರಿ" ಅಂದರು ಡಾಕ್ಟರ್. "ಕಸಿ ಮಾಡಿದ ಕೋಶ ಮೊದಲ ಕೆಲವು ದಿನದಾಗ ಎಷ್ಟೋ ಸತ್ತು ಹೋಗ್ತಾವ. ಅವು ಬದುಕಲಿ ಅಂತ ಅವುಗಳ ಜೋಡಿ ಸ್ಟೆಮ್ ಸೆಲ್, ಅಂದ್ರ ಮೂಲ ಕೋಶ, ಹಾಕೇವಿ. ಅವನ್ನ ಬೆಳೆಸಿದ್ದು ನೀವು ಪ್ರಸಾದ ತಂದ ದಿನ ಆಕಿ ಹೊತ್ತು ತಂದ ಹೊಕ್ಕಳ ಬಳ್ಳಿಯಿಂದ."

ಆತನ ಮುಖ ಕಪ್ಪಿಟ್ಟಿತು. ನಾಚಿಕೆಯಾಗಿ ಬದಲಾದ ಅಂದುಕೊಂಡಿರಾ? ತಾಳಿ...

ಮುಂದಿನ ತಿಂಗಳು ಅವನ ಸೊಸೆ ಎರಡನೇ ಹೆರಿಗೆಗೆ ಅದೇ ಆಸ್ಪತ್ರೆ ಸೇರಿದಳು. ಅಪ್ಪ, ಮಗಳು ಅವಳ ಕೋಣೆಯಲ್ಲಿ ಕೂತಿದ್ದಾಗ ಫಕೀರವ್ವ ಒಪ್ಪಿಗೆ ಪತ್ರ ಹಿಡಿದು ಬಂದಳು.

"ಸಾವಕಾರ್ರ, ನಿಮ್ಮ ಕೂಸಿನ ಬಳ್ಳಿನೂ ಕೊಡ್ರಿ. ಇನ್ನೊಬ್ಬರ ಮಗಳಿಗೆ ಆಗ್ತೈತಿ."

"ನಮ್ಮ ಮನಿತನದ ಬಳ್ಳಿ ಕಂಡಕಂಡವರ ಮೈಯಾಗ ಹೋಗಬೇಕೇನು? ಸಾಧ್ಯ ಇಲ್ಲ!"

ಕೇಳಿದಿರಾ? ಬೇರೆಯವರದಾದರೆ ಹೊಲಸು... ತನ್ನದಾದರೆ ಮನೆತನ! ಇಂಥವರ ದೊಡ್ಡಸ್ತಿಕೆಗೆ ಬೆಂಕಿ ಬೀಳಲಿ.

ಪಕ್ಕದಲ್ಲಿ ಕೂತಿದ್ದ ಪ್ರಣತಿ ಎದ್ದು ನಿಂತಳು. ಕಣ್ಣಲ್ಲಿ ನೀರು.

"ಅಪ್ಪಾ, ನನ್ನ ಮೈಯಾಗ ಯಾರದೋ ಮನಿ ಬಳ್ಳಿ ಐತಿ. ಯಾವ ಊರು, ಯಾವ ಜಾತಿ, ಯಾರಿಗೂ ಗೊತ್ತಿಲ್ಲ. ಆ ತಾಯಿನೂ ನಿನ್ನಂಗ ಅಂದಿದ್ರ... ಇವತ್ತ ನನ್ನ ಫೋಟೋಕ್ಕ ಮಾಲಿ ಹಾಕಿರತಿದ್ದಿ."

ಆತ ಫಕೀರವ್ವನ ಕೈಯಲ್ಲಿದ್ದ ಪತ್ರವನ್ನು ಪಕ್ಕಕ್ಕೆ ತಳ್ಳಿದ.

ಮಾವನ ಎದುರು ಎಂದೂ ದನಿ ಎತ್ತದ ಸೊಸೆ, ಹೆರಿಗೆ ನೋವಿನಲ್ಲೇ ಕೈ ಚಾಚಿದಳು.

"ಕೂಸು ನಂದು, ಬಳ್ಳಿನೂ ನಂದು. ಪೆನ್ನು ಕೊಡ್ರಿ ಯವ್ವಾ."

ಫಕೀರವ್ವ ಪೆನ್ನು ಕೊಟ್ಟಳು, ಸೊಸೆ ಸಹಿ ಹಾಕಿದಳು. ಪ್ರಣತಿ ಬಗ್ಗಿ ಆ ಆಯಾಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು... ತನ್ನಪ್ಪನ ಕಣ್ಣೆದುರೇ.

*ಪಡೆಯುವಾಗ ಕಾಣದ ಮೈಲಿಗೆ ಕೊಡುವಾಗ ಮಾತ್ರ ಕಂಡರೆ, ಅದು ಮಡಿಯಲ್ಲ... ಸಣ್ಣತನ.*

ನಿಮ್ಮ ಮನೆಯ ಹೆರಿಗೆಯ ದಿನ ಒಬ್ಬ ಫಕೀರವ್ವ ಬಂದು ಕೇಳಿದರೆ... ನೀವೇನು ಹೇಳುತ್ತೀರಿ?